ಕಾವಲು ಗೆರೆಯಾಚೆಯ ಶೂರರು

ಹೇಡಿಗಳನ್ನು ಹತ್ತಿರದಿಂದ ನೋಡಬೇಕೆಂದರೆ ಯುದ್ಧದ ಆಟ ನಡೆಸುವ ಕಂಪನಿಯಲ್ಲಿ ಕೆಲಸಕ್ಕೆ ಸೇರಬೇಕು. ನಾನು ಸೇರಿದ್ದೆ. ಹೈದರಾಬಾದಿನ ಗಚ್ಚಿಬೌಲಿಯಲ್ಲಿ, ಮೂರು ವರ್ಷ. ಆಗಿನ್ನೂ ಆಂಧ್ರ ಒಂದೇ ರಾಜ್ಯವಾಗಿತ್ತು. ಇವತ್ತು ಒಡೆಯುತ್ತದೆ, ನಾಳೆ ಒಡೆಯುತ್ತದೆ ಎಂದು ಊರೆಲ್ಲ ಮಾತು, ಆಗಾಗ ಬಂದ್. ಕಾಚಿಗೂಡದ ನಮ್ಮ ಮನೆಯಿಂದ ಲೋಕಲ್ ರೈಲು ಹಿಡಿದು ಲಿಂಗಂಪಲ್ಲಿಯಲ್ಲಿ ಇಳಿದು, ಷೇರ್ ಆಟೋದಲ್ಲಿ ಮಡಿಲ ಮೇಲೆ ಇನ್ನೊಬ್ಬರ ಚೀಲ ಇಟ್ಟುಕೊಂಡು ಕಚೇರಿ ಮುಟ್ಟುವಷ್ಟರಲ್ಲಿ ಅರ್ಧ ಜೀವ ಸೋತಿರುತ್ತಿತ್ತು. ಉಳಿದ ಅರ್ಧವನ್ನು ಕಚೇರಿ ನೋಡಿಕೊಳ್ಳುತ್ತಿತ್ತು.

ಅಪ್ಪ ಸರಕಾರಿ ನೌಕರಿಯಿಂದ ನಿವೃತ್ತರಾಗಿದ್ದರು. ಕಲಬುರಗಿ ಕಡೆಯಿಂದ ಅಜ್ಜನ ಕಾಲಕ್ಕೇ ಇಲ್ಲಿಗೆ ಬಂದ ಮನೆತನ ನಮ್ಮದು. ನೌಕರಿ ಅಂದರೆ ಮೇಜು, ಫೈಲು, ಮೊಹರು ಎಂದೇ ಅವರ ತಿಳುವಳಿಕೆ. ಸೇರಿದ ಮೊದಲ ವಾರ ಕೇಳಿದರು.

"ಅಲ್ಲವ್ವಾ, ಅಲ್ಲಿ ನೀ ಮಾಡೋದರ ಏನು?"

"ಜನ ಬರದ ತಕರಾರು ಓದತೀನಿ ಅಪ್ಪಾ. ಉತ್ತರ ಬರೀತೀನಿ."

"ಏನ್ ತಕರಾರು?"

"ತಮ್ಮ ಹಡಗು ಯಾರೋ ಒಡದು ಹಾಕಿದ್ರು ಅಂತ."

"ಯಾವ ಹಡಗು? ಎಲ್ಲಿ?"

"ಆಕಾಶದಾಗ. ಕಂಪ್ಯೂಟರಿನ್ಯಾಗ."

ಅಪ್ಪ ಪೇಪರನ್ನು ಮತ್ತೆ ಮುಖಕ್ಕೆ ಹಿಡಿದರು. ಆಮೇಲೆ ಯಾರಾದರೂ ಕೇಳಿದರೆ "ಆಕಿ ಕಂಪ್ಯೂಟರ್ ಕಂಪನ್ಯಾಗ ಅದಾಳ" ಎಂದಷ್ಟೇ ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದರು.

ಆಟ ಇಷ್ಟೇ. ದೇಶದ ಎಲ್ಲೆಲ್ಲಿಂದಲೋ ಜನ ಒಂದೇ ಹೊತ್ತಿಗೆ ಇಂಟರ್ನೆಟ್‌ನಲ್ಲಿ ಬಂದು ಆಡುತ್ತಾರೆ. ಪ್ರತಿಯೊಬ್ಬರಿಗೂ ಒಂದು ಹಡಗು, ಸುತ್ತ ಕೊನೆಯಿಲ್ಲದ ಕತ್ತಲು, ನಡುನಡುವೆ ನಿಲ್ದಾಣಗಳು. ಕೆಲವರು ತೇಲುವ ಬಂಡೆಗಳನ್ನು ಒಡೆದು ಅದಿರು ತೆಗೆಯುತ್ತಾರೆ, ಕೆಲವರು ಒಂದು ನಿಲ್ದಾಣದ ಸಾಮಾನನ್ನು ಇನ್ನೊಂದಕ್ಕೆ ಸಾಗಿಸುತ್ತಾರೆ, ಕೆಲವರು ಹೊಡೆದಾಡುತ್ತಾರೆ. ಪ್ರತಿ ನಿಲ್ದಾಣದ ಸುತ್ತ ಒಂದು ನೀಲಿ ಗೆರೆ. ಅದರೊಳಗೆ ಕಂಪನಿಯ ಕಾವಲು ಹಡಗುಗಳು ತಿರುಗುತ್ತಿರುತ್ತವೆ. ಅಲ್ಲಿ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಗೆರೆ ದಾಟಿದರೆ ಯಾರು ಯಾರನ್ನಾದರೂ ಹೊಡೆಯಬಹುದು.

ಹೀಗೆಂದ ಮೇಲೆ ಶೂರರು ಎಲ್ಲಿರಬೇಕು? ದೂರದ ಕತ್ತಲಲ್ಲಿ, ತಮ್ಮಂಥ ಇನ್ನೊಬ್ಬ ಶೂರನ ಎದುರು. ಅವರು ಅಲ್ಲಿರಲಿಲ್ಲ. ಗೆರೆಯ ಆಚೆಗೆ ಒಂದು ಗೇಣು ದೂರದಲ್ಲಿ, ಎಲ್ಲಕ್ಕಿಂತ ದೊಡ್ಡ ತೋಪುಗಳನ್ನು ಹೊತ್ತುಕೊಂಡು, ಐದೈದು ಜನ ಗುಂಪುಗಟ್ಟಿ ನಿಂತಿರುತ್ತಿದ್ದರು. ನಿನ್ನೆ ಆಟಕ್ಕೆ ಸೇರಿದ ಯಾರೋ ಒಬ್ಬ, ಒಂದು ತೋಪೂ ಇಲ್ಲದ ಡಬ್ಬಿಯಂಥ ಹಡಗಿನಲ್ಲಿ ಗೆರೆ ದಾಟಿ ಬಂದ ಕೂಡಲೇ ಐದೂ ಜನ ಸೇರಿ ಅವನನ್ನು ಪುಡಿ ಮಾಡುವರು. ಅವನ ಹತ್ತಿರ ದೋಚುವಂಥದ್ದು ಏನೂ ಇರುತ್ತಿರಲಿಲ್ಲ. ಅವರಿಗೆ ಬೇಕಾದದ್ದೂ ಅದಲ್ಲ. ಹೊಡೆದಾದ ಮೇಲೆ ಅವನಿಗೆ ಸಂದೇಶ ಕಳಿಸಿ ಚುಚ್ಚಿ, ಅವನು ಸಿಟ್ಟಿಗೆದ್ದು ಬರೆದದ್ದನ್ನು ತಮ್ಮ ಗುಂಪಿನ ಪುಟದಲ್ಲಿ ಅಂಟಿಸಿ ನಗುವುದು. ಅದಕ್ಕೆ ಅವರಿಟ್ಟ ಹೆಸರು 'ಬೇಟೆ'. ಕಟ್ಟಿಹಾಕಿದ ಕುರಿಯ ಮುಂದೆ ಬಂದೂಕು ಹಿಡಿದು ನಿಂತವನೂ ತನ್ನನ್ನು ಬೇಟೆಗಾರ ಎಂದು ಕರೆದುಕೊಳ್ಳಬಹುದು, ಕುರಿ ತಕರಾರು ಮಾಡುವುದಿಲ್ಲ. ನಮ್ಮ ಆಟದ ಕುರಿಗಳು ಮಾಡುತ್ತಿದ್ದವು. ಆ ತಕರಾರುಗಳೆಲ್ಲ ನನ್ನ ಮೇಜಿಗೆ ಬರುತ್ತಿದ್ದವು.

ನಾನು ಕಳಿಸಬೇಕಾಗಿದ್ದ ಉತ್ತರ ಮೊದಲೇ ಸಿದ್ಧವಿತ್ತು. 'ಹೋರಾಟವು ಈ ಆಟದ ಅನುಭವದ ಒಂದು ಭಾಗ. ನಿಮ್ಮ ಸಾಹಸ ಮುಂದುವರಿಯಲಿ.' ಎರಡು ವಾಕ್ಯ, ಇಂಗ್ಲಿಷಿನಲ್ಲಿ. ಬರೆದವನು ನಮ್ಮ ಡಿಸೈನ್ ಮುಖ್ಯಸ್ಥ, ಅಂದರೆ ಆಟದ ನಿಯಮಗಳನ್ನೆಲ್ಲ ಕಟ್ಟುವವನು. ಮೂವತ್ತೈದರ ಆಸುಪಾಸಿನವನು, ಸಣ್ಣ ಧ್ವನಿ, ದೊಡ್ಡ ಮಾತು. "ಅಪಾಯ ಇಲ್ಲದಿದ್ದರೆ ಬದುಕಿಗೆ ಅರ್ಥವೇ ಇಲ್ಲ" ಎನ್ನುತ್ತಿದ್ದ. ಅವನ ಮನೆ ಕಚೇರಿಗೆ ಎರಡು ಮೈಲು ದೂರದ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ಗೇಟಿಗೊಬ್ಬ ಕಾವಲುಗಾರ, ಲಿಫ್ಟಿಗೊಬ್ಬ ಕಾವಲುಗಾರ. ಬಂದ್ ಎಂದರೆ ಸಾಕು, ಅವನು ಹಿಂದಿನ ದಿನವೇ ಹೊಟ್ಟೆನೋವೆಂದು ಹೇಳಿ ಮನೆ ಸೇರುತ್ತಿದ್ದ. ಎದುರುಗಡೆಯ ಬಂಡಿಯಲ್ಲಿ ಇಡ್ಲಿ ತಿನ್ನಲು ರಸ್ತೆ ದಾಟಬೇಕಾಗುತ್ತದೆ ಎಂದು ಇಡ್ಲಿಯನ್ನೇ ಬಿಟ್ಟವನು ಅವನು. ಇಂಥವನು ನಮಗೆಲ್ಲ ಅಪಾಯದ ಮಹಿಮೆ ಹೇಳುತ್ತಿದ್ದ.

ಇನ್ನೊಂದು ಪಂಗಡವೂ ಇತ್ತು, ಅವರನ್ನು ಕಂಡರೂ ನನಗೆ ಗೌರವವೇನಿರಲಿಲ್ಲ. ತಿಂಗಳುಗಟ್ಟಲೆ ನೀಲಿ ಗೆರೆಯೊಳಗೇ ಬಂಡೆ ಕುಟ್ಟುತ್ತ ಕೂತು, ಆಟದಲ್ಲಿ ತೋಪುಗಳೇ ಇರಬಾರದು, ಇದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದು ಬರೆಯುವವರು. ಇವರ ಕಡೆ ನೋಡಿದರೆ ಬೇಟೆಗಾರರು ಹೇಳುವುದರಲ್ಲೂ ಒಂದಿಷ್ಟು ಹುರುಳಿದೆ ಎನಿಸುತ್ತಿತ್ತು. ಹೀಗೆ ಎರಡೂ ಕಡೆಯವರನ್ನು ಒಳಗೊಳಗೇ ಬೈಯುತ್ತ, ದೂರು ಬರೆದವರಿಗೆಲ್ಲ ಅದೇ ಎರಡು ವಾಕ್ಯ ಕಳಿಸುತ್ತ ನಾನು ಸಂಬಳ ತೆಗೆದುಕೊಳ್ಳುತ್ತಿದ್ದೆ.

ಒಂದು ದಿನ ಫೋನ್ ಬಂತು. ದೂರು ಹೇಳಲು ಒಂದು ಫೋನ್ ನಂಬರು ಕೊಟ್ಟಿದ್ದೆವು. ಹೆಚ್ಚಾಗಿ ಯಾರೂ ಮಾಡುತ್ತಿರಲಿಲ್ಲ. ಹೆಂಗಸಿನ ಧ್ವನಿ, ಹೈದರಾಬಾದಿ ಹಿಂದಿ.

"ಕಾಯ್ಕು ಮಾರೆ ಜೀ ಮೇರೆಕು?" ಯಾಕ್ರೀ ಹೊಡೆದಿರಿ ನನ್ನ?

ಆ 'ಜೀ' ಹೇಳಿದ ರೀತಿಯಲ್ಲೇ ನನಗೆ ಬೀದರದ ವಾಸನೆ ಬಂತು. ಕನ್ನಡದಲ್ಲಿ ಮಾತಾಡಿದೆ.

"ಯವ್ವಾ, ನಮ್ಮಾಕೀನ ಏನ ನೀ! ಕೇಳಿಲ್ಲೆ ತಂಗಿ. ನಾ ಯಾರ ಗೊಡವಿಗೂ ಹೋಗಾಕಿ ಅಲ್ಲ. ಸಾಮಾನ ತುಂಬಕೊಂಡು ಈ ಸ್ಟೇಶನ್ನಿಂದ ಆ ಸ್ಟೇಶನ್ನಿಗೆ ಹೊಂಟಿದ್ದೆ. ಗೆರಿ ದಾಟಿದ್ನೋ ಇಲ್ಲೋ, ಐದು ಮಂದಿ ಮ್ಯಾಲ ಬಿದ್ದು ಕೆಡವಿದ್ರು. ಇದು ಮೂರನೇ ಸಲ."

ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಅವರ ಗಂಡ ಕೆಲಸಕ್ಕಿದ್ದರು. ಕಾರ್ಖಾನೆಯವರು ಹಳೆಯದೆಂದು ತೆಗೆದುಹಾಕಿದ ಕಂಪ್ಯೂಟರನ್ನು ಮನೆಗೆ ತಂದಿದ್ದರು. ಗಂಡ ಶಿಫ್ಟಿಗೆ ಹೋದ ಮೇಲೆ ಅಡಿಗೆ ಮುಗಿಸಿ ಇವರು ಹಡಗು ನಡೆಸುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಯಾಕೆ ಈ ಆಟ ಎಂದು ಕೇಳಿದೆ.

"ನನಗ ಬಸ್ ಡ್ರೈವರ್ ಆಗಬೇಕಂತ ಭಾಳ ಆಸೆ ಇತ್ತು. ಹೆಣ್ಣಮಕ್ಕಳಿಗೆ ಯಾರು ಬಸ್ ಕೊಡ್ತಾರ? ಇದು ಸಿಕ್ತು. ಇದರಾಗ ಟೈಮಿಗೆ ಸರಿಯಾಗಿ ಮುಟ್ಟಿಸೋದು, ದಾರಿ ನೆನಪಿಡೋದು, ಎಲ್ಲಾ ಐತಿ."

ನಾನು ಆ ಎರಡು ವಾಕ್ಯಗಳನ್ನು ಕನ್ನಡ ಮಾಡಿ ಹೇಳಿದೆ. ಅವರು ಕೇಳಿಸಿಕೊಂಡರು.

"ಇದು ನಿನ್ನ ಮಾತಲ್ಲ ಬಿಡು" ಅಂದರು. "ನಾ ಹೊಡದಾಡಬ್ಯಾಡ್ರಿ ಅನ್ನಂಗಿಲ್ಲ. ಎಲ್ಲಾ ಕಡೆ ಕಾವಲ ಇಟ್ರ ಅದು ಆಟ ಅಲ್ಲ, ನಮ್ಮ ಕಾಲನಿ ಪಾರ್ಕು. ಆದ್ರ ನಮ್ಮಪ್ಪ ಪೈಲ್ವಾನ್ ಇದ್ದ. ಅಖಾಡದಾಗ ಮೊದಲ ಜೋಡಿ ನೋಡ್ತಾರ, ತೂಕ ನೋಡ್ತಾರ. ಹಾಲಿನ ಕ್ಯಾನ್ ಹೊತ್ತು ಹೊಂಟಾವನ್ನ ಹಿಂದಿಂದ ಕೆಡವಿ ಗೆದ್ದೆ ಅಂದ್ರ ಅಂವನ ತಲಿಗೆ ಪಟಗಾ ಕಟ್ತಾರೇನು?"

ಕಟ್ಟುವುದಿಲ್ಲ. ನಮ್ಮ ಕಂಪನಿ ಮಾತ್ರ ಕಟ್ಟುತ್ತಿತ್ತು. ಕೆಡವಿದ ಹಡಗುಗಳ ಲೆಕ್ಕದ ಮೇಲೆ 'ತಿಂಗಳ ವೀರ' ಎಂದು ಒಬ್ಬನ ಹೆಸರು ಮೊದಲ ಪುಟದಲ್ಲಿ ಹೊಳೆಯುತ್ತಿತ್ತು. ಹಡಗು ಯಾರದು, ಅದರಲ್ಲಿ ತೋಪಿತ್ತೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ.

ಅದಾಗಿ ಕೆಲವು ದಿನಕ್ಕೆ ಒಂದು ಬಂದ್. ಬಸ್ಸುಗಳಿಲ್ಲ, ಆಟೋಗಳಿಲ್ಲ. ರೈಲು ಹೇಗೋ ಓಡುತ್ತಿತ್ತು. ಲಿಂಗಂಪಲ್ಲಿಯಿಂದ ಕಚೇರಿಯವರೆಗೆ ಬಿಸಿಲಲ್ಲಿ ನಡೆದೆ. ಒಳಗೆ ನಾನು, ಒಬ್ಬ ಸೆಕ್ಯುರಿಟಿ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಪತ್ರಗಳೆಲ್ಲ ಮುಗಿದವು. ಬೇಸರಕ್ಕೆ ಕಂಪನಿಯ ಪರೀಕ್ಷೆಯ ಹಡಗೊಂದನ್ನು ತೆರೆದೆ. ಬೇಕಾದ ತೋಪು ಹಾಕಿಕೊಳ್ಳಬಹುದಿತ್ತು, ಹಾಕಿಕೊಂಡೆ. ಗೆರೆಯಾಚೆ ಹೋಗಿ ನಿಂತೆ. ಬೇಟೆಗಾರರಿಗೆ ಅದರಲ್ಲಿ ಏನು ಸಿಗುತ್ತದೆ ಎಂದು ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬಿಸಿಲಲ್ಲಿ ನಡೆದು ಬಂದ ಸಿಟ್ಟು ಮೈಯಲ್ಲಿತ್ತು.

ಒಂದು ಸಣ್ಣ ಹಡಗು ಬಂತು. ಆಟದ ಮೊದಲ ದಿನ ಎಲ್ಲರಿಗೂ ಪುಕ್ಕಟೆ ಕೊಡುವ ಹಡಗು. ಹೊಡೆದೆ. ಎರಡನೇ ಏಟಿಗೆ ಹೂವಿನ ಹಾಗೆ ಅರಳಿ ಹೋಯಿತು. ನನ್ನ ಕೈಗೆ, ಬೆನ್ನಿಗೆ, ಹಲ್ಲಿನ ಬುಡಕ್ಕೆ ಕೂಡ ಖುಷಿಯಾಯಿತು. ಅದನ್ನು ಮುಚ್ಚಿಡಲಾರೆ. ಆ ಖುಷಿ ಹೋಗುವ ಮೊದಲೇ ಪರದೆಯ ಮೂಲೆಯಲ್ಲಿ ಅವನ ಒಂದೇ ಪದ ಬಂತು: 'ಯಾಕೆ?'

ಕಂಪ್ಯೂಟರ್ ಆರಿಸಿ ಡಬ್ಬಿ ತೆಗೆದು ಮೊಸರನ್ನ ತಿಂದೆ. ಬೇಟೆಗಾರರ ಬಗ್ಗೆ ಮೊದಲು ನನಗಿದ್ದದ್ದು ಬರೀ ಸಿಟ್ಟು. ಆ ದಿನದ ನಂತರ ಅಸಹ್ಯವಾಯಿತು, ಯಾಕೆಂದರೆ ಅದು ಎಷ್ಟು ಸುಲಭದ ಸುಖ ಎಂದು ತಿಳಿದಿತ್ತು. ಅಷ್ಟು ಸುಲಭದ ಸುಖಕ್ಕೆ ಶೌರ್ಯ ಎಂಬ ಹೆಸರಿಡುವವನ ಮುಖ ನೋಡಬೇಕಿತ್ತು.

ಮುಖ ನೋಡುವ ಅವಕಾಶ ಕಂಪನಿಯೇ ಮಾಡಿಕೊಟ್ಟಿತು. ಡಿಸೈನ್ ಮುಖ್ಯಸ್ಥ ನೀಲಿ ಗೆರೆಗಳನ್ನೇ ತೆಗೆದುಹಾಕಬೇಕೆಂದು ಹೊರಟಿದ್ದ. ಹೊಸಬರಿಗೆ ಮೊದಲ ದಿನ ಮಾತ್ರ ಕಾವಲು. ಆಮೇಲೆ ಅವರ ಪಾಡು ಅವರಿಗೆ. 'ಅನುಭವಿ ಆಟಗಾರರ ಅಭಿಪ್ರಾಯ' ಕೇಳಲು ಬೇಟೆಗಾರರಲ್ಲಿ ಏಳು ಜನರನ್ನು ಕಚೇರಿಗೆ ಕರೆಸಿದ. ಸಾಮಾನು ಸಾಗಿಸುವವರ ಕಡೆಯಿಂದಲೂ ಒಬ್ಬರು ಇರಲಿ ಎಂದು ನಾನು ಪಟ್ಟು ಹಿಡಿದೆ. ಮಾಲೀಕರು ಆ ದಿನ ಊರಲ್ಲೇ ಇದ್ದರು, ಸಭೆಗೆ ಬರುವವರಿದ್ದರು. ಅವರ ಎದುರು ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಏಳು ಜನ ಕಂಪನಿಯ ಕ್ಯಾಬಿನಲ್ಲಿ ಬಂದಿಳಿದರು. ಅವರ ನಾಯಕ, ಸತತ ಮೂರು ಸಲ 'ತಿಂಗಳ ವೀರ'ನಾದವನು, ಆಟದಲ್ಲಿ ಸಾವಿನ ಹೆಸರನ್ನೇ ಇಟ್ಟುಕೊಂಡಿದ್ದ. ಒಳಗೆ ಬಂದದ್ದು ಇಸ್ತ್ರಿ ಮಾಡಿದ ಅಂಗಿಯ, ನುಣ್ಣಗೆ ತಲೆ ಬಾಚಿದ ಒಬ್ಬ ಸೇಲ್ಸ್ ಮನುಷ್ಯ. ಕುರ್ಚಿಯನ್ನು ಟಿಶ್ಯೂದಿಂದ ಒರೆಸಿ ಕೂತ. ಎಸಿಯ ಗಾಳಿ ನೇರವಾಗಿ ಬಡಿದರೆ ಗಂಟಲು ಕೆಡುತ್ತದೆ, ಸ್ವಲ್ಪ ಆ ಕಡೆ ತಿರುಗಿಸಿ ಎಂದ. ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಹಾಗೇ ಇಟ್ಟ. ನನಗೆ ನಗು ತಡೆಯುವುದು ಕಷ್ಟವಾಯಿತು.

ಪಟಾನ್‌ಚೆರುವಿನ ಅಕ್ಕ ಎರಡು ಬಸ್ಸು ಬದಲಿಸಿ ಬಂದಿದ್ದರು. ಇಳಕಲ್ ಸೀರೆ, ಕೈಯಲ್ಲೊಂದು ಸ್ಟೀಲ್ ಡಬ್ಬಿ. "ನಿಮಗ ರೊಟ್ಟಿ ತಂದೀನಿ" ಎಂದು ನನ್ನ ಕೈಗೆ ಕೊಟ್ಟು, ಸಾವಿನ ಪಕ್ಕದ ಕುರ್ಚಿಯಲ್ಲೇ ಕೂತರು. ಅವರು ಯಾರೆಂದು ಅವನಿಗೆ ಹೇಳಿದೆ. ನೀವು ಮೂರು ಸಲ ಕೆಡವಿದ ಹಡಗು ಇವರದೇ ಎಂದೆ. ಅವನು ಕೆಮ್ಮಿದ. "ನಮಸ್ತೆ ಆಂಟಿ" ಎಂದ.

ಮಾತು ಶುರುವಾಯಿತು. ಸ್ವಾತಂತ್ರ್ಯ ಅಂದರು, ಕೌಶಲ್ಯ ಅಂದರು, ಅಪಾಯವೇ ಬದುಕಿನ ಅರ್ಥ ಅಂದರು, ದುರ್ಬಲರು ಕಲಿಯಬೇಕು ಅಂದರು. ಡಿಸೈನ್ ಮುಖ್ಯಸ್ಥ ತಲೆದೂಗುತ್ತ ಬರೆದುಕೊಳ್ಳುತ್ತಿದ್ದ. ಅಕ್ಕ ಎಲ್ಲ ಕೇಳಿ, ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು.

"ನಿಮ್ಮಷ್ಟೇ ದೊಡ್ಡ ಹಡಗು ಎದುರು ಬಂದಾಗ ಏನು ಮಾಡ್ತೀರಿ ಬೇಟಾ?"

"ಹೋರಾಡ್ತೀವಿ, ಆಂಟಿ."

ನಾನು ದಾಖಲೆ ತಂದಿದ್ದೆ. ಆಟದಲ್ಲಿ ಯಾರು ಯಾವಾಗ ಯಾರನ್ನು ಹೊಡೆದರು, ಎಲ್ಲಿಗೆ ಓಡಿದರು ಎಲ್ಲ ಕಂಪನಿಯ ಯಂತ್ರದಲ್ಲಿ ಬರೆದಿರುತ್ತದೆ. ನಾಯಕನ ಹಿಂದಿನ ತಿಂಗಳನ್ನು ಓದಿದೆ. ಕೆಡವಿದ ಹಡಗುಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ತೋಪಿಲ್ಲದವು. ತೋಪಿದ್ದ ಹಡಗು ಹತ್ತಿರ ಬಂದಾಗಲೆಲ್ಲ ಅವನು ಮಾಡಿದ್ದು ಒಂದೇ: ತಿರುಗಿ ನೀಲಿ ಗೆರೆಯೊಳಗೆ ಓಡಿದ್ದು. ಕಾವಲು ಹಡಗುಗಳ ನೆರಳಲ್ಲಿ ನಿಂತು, ಬಂದವನು ಹೋಗುವವರೆಗೂ ಕಾದದ್ದು.

"ಅದು ತಂತ್ರ" ಎಂದ.

"ಹಾಗಾದರೆ ಕಾವಲು ನಿಮಗೂ ಬೇಕು" ಎಂದೆ. "ಸಾಮಾನು ಸಾಗಿಸುವವರಿಗಿಂತ ಹೆಚ್ಚಾಗಿ ಅದರಲ್ಲಿ ಬದುಕಿರುವವರು ನೀವೇ."

ಮಾಲೀಕರು ಮೊದಲ ಸಲ ತಲೆ ಎತ್ತಿದರು. ನಾನು ಹೇಳಬೇಕೆಂದಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಗೆರೆ ಇರಲಿ. ಗೆರೆಯಾಚೆ ಹೊಡೆದಾಟವೂ ಇರಲಿ, ಅದು ಇಲ್ಲದಿದ್ದರೆ ಆಟ ಸಪ್ಪೆ. ಆದರೆ ತೋಪಿಲ್ಲದ ಹಡಗನ್ನು ಹೊಡೆದವನಿಗೆ ಒಂದು ವಾರ ಯಾವ ಗೆರೆಯೊಳಗೂ ಕಾವಲು ಸಿಗಬಾರದು. ಅವನನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಹೊಡೆಯಬಹುದು. ಸರಿಜೋಡಿಯ ಜೊತೆ ಹೊಡೆದಾಡಿದವನಿಗೆ ಯಾವ ಶಿಕ್ಷೆಯೂ ಇಲ್ಲ. ಮೊದಲ ಪುಟದ ವೀರರ ಪಟ್ಟಿಯಲ್ಲೂ ತೋಪಿದ್ದ ಹಡಗುಗಳನ್ನಷ್ಟೇ ಎಣಿಸಬೇಕು.

ಏಳೂ ಜನ ಒಟ್ಟಿಗೆ ಎದ್ದು ಮಾತಾಡಿದರು. ಇದು ಅನ್ಯಾಯ. ನಮ್ಮ ಹಡಗು ಕಟ್ಟಲು ತಿಂಗಳುಗಟ್ಟಲೆ ಹಿಡಿದಿದೆ. ನಾವು ಊಟಕ್ಕೆ ಎದ್ದು ಹೋದಾಗ ಯಾರಾದರೂ ಬಂದು ಹೊಡೆದರೆ? ಅಪಾಯವೇ ಬದುಕಿನ ಅರ್ಥ ಎಂದು ಅರ್ಧ ತಾಸಿನ ಕೆಳಗೆ ಭಾಷಣ ಬಿಗಿದವರು ಇವರೇ. ಅಕ್ಕ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಯಾಕವ್ವಾ, ಇವ್ರು ಅಳಾಕ ಹತ್ಯಾರೇನ?"

ಹೊಸಬರು ಆಟ ಬಿಟ್ಟು ಹೋಗುತ್ತಿದ್ದುದು ಮಾಲೀಕರ ತಲೆನೋವಾಗಿತ್ತು. ನ್ಯಾಯದ ಮೇಲಿನ ಪ್ರೀತಿಯಿಂದಲ್ಲ, ಆ ತಲೆನೋವಿನಿಂದ, ಒಂದು ತಿಂಗಳು ನೋಡೋಣ ಎಂದರು.

ನಿಯಮ ಬಂದ ಮೂರನೇ ದಿನಕ್ಕೇ ನನ್ನ ಮೇಜಿಗೆ ಶೂರರ ಪತ್ರಗಳು ಬರತೊಡಗಿದವು. ಇಷ್ಟು ದಿನ ನನಗೆ ಅವರ ಬರವಣಿಗೆಯ ಪರಿಚಯವೇ ಇರಲಿಲ್ಲ. ಎಷ್ಟು ಉದ್ದ ಬರೆಯುತ್ತಿದ್ದರು! ಒಬ್ಬ ಫೋನ್ ಬಂತೆಂದು ಎದ್ದು ಹೋದಾಗ ನಿಲ್ದಾಣದ ಬಾಗಿಲಲ್ಲೇ ಅವನನ್ನು ಯಾರೋ ಮುಗಿಸಿದ್ದರು. ಇನ್ನೊಬ್ಬನನ್ನು ಹಿಂದೊಮ್ಮೆ ಅವನೇ ಗೋಳು ಹೊಯ್ದುಕೊಂಡಿದ್ದ ಮೂವರು ಸೇರಿ ಹುಡುಕಿಕೊಂಡು ಬಂದು ಕೆಡವಿದ್ದರು. ನಾಯಕ ನಾಲ್ಕು ಪುಟ ಬರೆದಿದ್ದ. ಅವನ ಮನಸ್ಸಿಗೆ ನೋವಾಗಿದೆಯಂತೆ. ಇದು ಕ್ರೌರ್ಯವಂತೆ. ಹಡಗನ್ನು ಮರಳಿ ಕೊಡಬೇಕಂತೆ.

ನಾನು ಎಲ್ಲರಿಗೂ ಡಿಸೈನ್ ಮುಖ್ಯಸ್ಥನ ಆ ಎರಡು ವಾಕ್ಯಗಳನ್ನೇ ಕಳಿಸಿದೆ. ಒಂದಕ್ಷರ ಬದಲಿಸಲಿಲ್ಲ. ಆ ಕೆಲಸದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸುಖ ಅದು, ಮತ್ತು ಅದಕ್ಕಾಗಿ ನಾನು ಎಂದೂ ನಾಚಿಕೆಪಟ್ಟಿಲ್ಲ.

ಆದರೆ ತಿಂಗಳು ಮುಗಿಯುವ ಮೊದಲೇ ಒಬ್ಬ ಹೊಸಬನ ದೂರು ಬಂತು. ಅವನನ್ನು ನಾಯಕನೇ ಹೊಡೆದಿದ್ದ. ಹೊಡೆದ ಮರುಗಳಿಗೆಯಲ್ಲಿ ನೀಲಿ ಗೆರೆಯೊಳಗೆ ಹೋಗಿ ನಿಂತಿದ್ದ, ಮತ್ತು ಕಾವಲು ಹಡಗುಗಳು ಅವನನ್ನು ಕಾಯುತ್ತಿದ್ದವು. ಹೀಗಾಗುವಂತಿರಲಿಲ್ಲ. ಹುಡುಕಿದೆ. ನಿಯಮ ತಗುಲದ ಕೆಲವು ಖಾತೆಗಳ ಪಟ್ಟಿಯೊಂದನ್ನು ಶೂರರ ಪತ್ರಗಳು ಬಂದ ಮೇಲೆ ಯಾರೋ ಸದ್ದಿಲ್ಲದೆ ಒಳಗೆ ಸೇರಿಸಿದ್ದರು. ಏಳು ಬೇಟೆಗಾರರೂ ಅದರಲ್ಲಿದ್ದರು. ಎಂಟನೆಯದು ನನಗೆ ಗೊತ್ತಿಲ್ಲದ ಹೆಸರು. ಅದನ್ನು ಆಡುತ್ತಿದ್ದ ಕಂಪ್ಯೂಟರ್ ನಮ್ಮ ಕಚೇರಿಯದೇ, ಗಾಜಿನ ಕೋಣೆಯದು.

ಆ ಕೋಣೆ ಡಿಸೈನ್ ಮುಖ್ಯಸ್ಥನದು. ಹೋಗಿ ಕೇಳಿದೆ. ಅವನು ಬಾಗಿಲು ಹಾಕಲು ಹೇಳಿದ.

"ಪರೀಕ್ಷೆಗಾಗಿ ಆಡುತ್ತೇನೆ" ಎಂದ.

"ನಿನ್ನೆ ಸೇರಿದವರ ಮೇಲೆ ಪರೀಕ್ಷೆಯೇ? ಅದೂ ಅವರ ಗುಂಪಿನ ಜೊತೆ?"

"ಅವರು ಆಟದ ಜೀವಾಳ. ನಿನಗೆ ಅರ್ಥವಾಗುವುದಿಲ್ಲ." ಆಮೇಲೆ ಧ್ವನಿ ಇನ್ನಷ್ಟು ಸಣ್ಣದಾಯಿತು. "ಬಂದ್ ದಿನ ಪರೀಕ್ಷೆಯ ಹಡಗಿನಲ್ಲಿ ಹೋಗಿ ನೀನೂ ಒಬ್ಬನನ್ನು ಹೊಡೆದಿದ್ದೀಯ. ಕಂಪನಿಯ ಹಡಗು ಬಳಸಿ ಗಿರಾಕಿಯನ್ನು ಹೊಡೆದದ್ದು. ದಾಖಲೆ ನನ್ನ ಹತ್ತಿರವೂ ಇದೆ."

ಅವನ ಮುಖದಲ್ಲಿ ಒಂದು ಸಮಾಧಾನವಿತ್ತು, ಈಗ ನಾವಿಬ್ಬರೂ ಒಂದೇ ದೋಣಿಯಲ್ಲಿದ್ದೇವೆ ಎಂಬಂಥದ್ದು. ನನಗೆ ಮೈ ಹೊಲಸಾದಂತಾಯಿತು. ಒಬ್ಬ ಮನುಷ್ಯ ಇಷ್ಟು ದಿನ ದೊಡ್ಡ ದೊಡ್ಡ ಮಾತುಗಳ ಹಿಂದೆ ಕಾಯುತ್ತಿದ್ದುದು ಇದನ್ನೇ: ನೆಟ್ಟಗೆ ಹಡಗು ತಿರುಗಿಸಲು ಬಾರದವರನ್ನು ಹೊಡೆದು ಕೆಲಸದ ಬೇಸರ ಕಳೆಯುವ ಹಕ್ಕನ್ನು.

ಮನೆಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಮೊದಲ ಸಲ ಅವರು ಪೇಪರ್ ಮಡಚಿಟ್ಟು ಕೇಳಿದರು. ಹಡಗು ಆಕಾಶದ್ದಾದರೇನು, ಕಚೇರಿಯ ಕಳ್ಳತನ ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

"ನೀ ಹೊಡದದ್ದು ಖರೇ ಏನು?"

"ಖರೇ ಅಪ್ಪಾ."

"ಹಂಗಾರ ಅದನ್ನ ಮೊದಲ ಬರಿ. ಅಂವಂದು ಆಮ್ಯಾಲ ಬರಿ. ನಿಂದು ನೀನ ಬರದಮ್ಯಾಲ ಅಂವನ ಕೈಯಾಗ ಏನ ಉಳೀತು?"

ಹಾಗೇ ಬರೆದೆ. ಮೊದಲ ಪ್ಯಾರಾ ನನ್ನದು, ಎರಡನೆಯದು ಅವನದು, ಜೊತೆಗೆ ಪಟ್ಟಿ. ಮಾಲೀಕರಿಗೆ ಕಳಿಸಿದೆ. ವಾರದ ನಂತರ ನನಗೆ ಒಂದು ಎಚ್ಚರಿಕೆಯ ಪತ್ರ ಬಂತು, ಮೊಹರಿನ ಸಮೇತ. ಅವನಿಗೆ ಬಡ್ತಿ ಸಿಕ್ಕಿತು. ಕಂಪನಿಯ ಇನ್ನೊಂದು ಆಟಕ್ಕೆ, ಕಾರ್ ಓಡಿಸುವ ಆಟಕ್ಕೆ, ಮೊದಲಿಗಿಂತ ಉದ್ದದ ಹುದ್ದೆಯ ಹೆಸರಿನೊಂದಿಗೆ ಹೋದ. ಇಂಥ ಕಚೇರಿಗಳು ಹೊಲಸನ್ನು ತೊಳೆಯುವುದಿಲ್ಲ. ಪಕ್ಕದ ಕೋಣೆಗೆ ಸಾಗಿಸುತ್ತವೆ. ಪಟ್ಟಿ ಮಾತ್ರ ಅಳಿಸಿಹೋಯಿತು. ನಿಯಮ ಉಳಿಯಿತು, ಒಂದು ವಾರದ ಶಿಕ್ಷೆ ಎರಡು ದಿನಕ್ಕೆ ಇಳಿಯಿತು. ಎರಡು ದಿನವೂ ಅವರಿಗೆ ಹೆಚ್ಚೇ ಆಗಿತ್ತು. ಗೆರೆಯಾಚೆಯ ಆ ಗುಂಪುಗಳು ಕರಗಿದವು. ನಿಜವಾಗಿ ಹೊಡೆದಾಡಬೇಕೆಂದಿದ್ದ ಕೆಲವರು ಅವರಲ್ಲಿದ್ದರು, ಅವರು ದೂರದ ಕತ್ತಲಿಗೆ ಹೋದರು. ಉಳಿದವರಿಗೆ ಅಲ್ಲಿ ಕೆಲಸವಿರಲಿಲ್ಲ.

ಆರು ತಿಂಗಳ ಮೇಲೆ ನಾನು ರಾಜೀನಾಮೆ ಕೊಟ್ಟೆ. ಕಾರಣ ಕೇಳುವ ಫಾರಂ ಒಂದನ್ನು ಕೊಟ್ಟರು. ಖಾಲಿ ಬಿಟ್ಟು ಸಹಿ ಹಾಕಿದೆ.

ಕೆಲಸ ಬಿಟ್ಟ ಮೇಲಿನ ಒಂದು ಭಾನುವಾರ ಪಟಾನ್‌ಚೆರುವಿಗೆ ಹೋದೆ. ಅಕ್ಕ ಎಷ್ಟೋ ಸಲ ಕರೆದಿದ್ದರು. ಬಸ್ಸಿಳಿದರೆ ಗಾಳಿಯಲ್ಲಿ ಕಾರ್ಖಾನೆಗಳ ಖಾರ ವಾಸನೆ, ಕಾಲನಿಯ ಸಣ್ಣ ಮನೆ, ಹೊರಗೆ ಒಣಗಲು ಹಾಕಿದ ಹಪ್ಪಳ. ಗಂಡ ಬಾಗಿಲಲ್ಲೇ "ಬರ್ರಿ ಬರ್ರಿ, ಆಕಿ ಡ್ಯೂಟಿ ಮ್ಯಾಲ ಅದಾಳ್ರಿ" ಎಂದು ಒಳಗೆ ಕರೆದರು.

ಅಕ್ಕ ಪರದೆಯ ಮುಂದೆ ಕೂತಿದ್ದರು. ಒಬ್ಬರೇ ಅಲ್ಲ. ಅವರ ಹಡಗಿನ ಹಿಂದೆ ಇನ್ನೂ ಎಂಟೊಂಬತ್ತು ಸಾಮಾನಿನ ಹಡಗುಗಳು ಸಾಲಾಗಿ, ಪಕ್ಕಗಳಲ್ಲಿ ತೋಪಿನ ಹಡಗುಗಳು. ಸಾಗಿಸುವವರೆಲ್ಲ ಸೇರಿ ಒಂದು ಮೇಳ ಕಟ್ಟಿದ್ದರು. ಹೊಡೆದಾಡುವ ಹುಮ್ಮಸ್ಸಿದ್ದವರನ್ನು ಕಾಯಲು ಇಟ್ಟುಕೊಂಡಿದ್ದರು.

"ಆ ಸಾವು ಬಂದಿದ್ದ ನೋಡ" ಎಂದರು ಕಣ್ಣು ತೆಗೆಯದೆ. "ನಾನೂ ಕಾಯ್ತೀನಿ ಆಂಟಿ ಅಂದ."

"ಏನಂದ್ರಿ?"

"ಒಲ್ಲೆ ಅಂದೆ. ನನಗ ಓಡಿ ಹೋಗಾವ್ರು ಬ್ಯಾಡ. ಇದ್ದರ ಇರಬೇಕು, ಇಲ್ಲಂದ್ರ ಮನ್ಯಾಗ ಕೂಡಬೇಕು."

ದೂರದ ಎರಡು ನಿಲ್ದಾಣಗಳ ನಡುವೆ, ಕಾವಲಿಲ್ಲದ ದಾರಿಯಲ್ಲಿ, ಆ ಸಾಲಿನ ಮೇಲೆ ದಾಳಿಯಾಯಿತು. ಬಂದವರು ದೊಡ್ಡ ತಂಡ, ಎದುರಿನಿಂದಲೇ ಬಂದರು. ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿಕೊಂಡರು. ಯಾರು ಯಾವ ಕಡೆ ಸರಿಯಬೇಕೆಂದು ಬೆರಳಲ್ಲಿ ಟಪಟಪ ಬರೆಯುತ್ತ, ಬಾಯಲ್ಲಿ ಕನ್ನಡದ ಬೈಗುಳ ಉದುರಿಸುತ್ತ ಹಡಗು ತಿರುಗಿಸಿದರು. ಗಂಡ ಚಹಾದ ಕಪ್ಪು ಹಿಡಿದು ಹಿಂದೆ ನಿಂತುಬಿಟ್ಟಿದ್ದರು. ಮೇಳದ ಅರ್ಧದಷ್ಟು ಹಡಗುಗಳು ದಾಟಿದವು. ಅಕ್ಕನದು ದಾಟಲಿಲ್ಲ. ಕೊನೆಯವರೆಗೂ ಹಿಂದೆ ಉಳಿದು ಬೇರೆಯವರನ್ನು ಮುಂದೆ ಬಿಡುತ್ತಿದ್ದಾಗಲೇ ಅವರ ಹಡಗು ಒಡೆದುಹೋಯಿತು.

ಅವರು ಕುರ್ಚಿಗೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟರು. ಹಣೆ ಬೆವರಿತ್ತು. ಅಷ್ಟರಲ್ಲಿ ಹೊಡೆದವರ ಕಡೆಯಿಂದ ಒಂದು ಸಂದೇಶ ಬಂತು, ಗಂಡ ಬಗ್ಗಿ ಓದಿ ಹೇಳಿದರು: ಭಾಳ ಚಲೋ ಆಡಿದ್ರಿ ಅಂತ ಬರದಾರ.

"ಅವ್ರೂ ಚಲೋ ಆಡಿದ್ರು. ಬರೀರಿ ಹಂಗಂತ" ಎಂದು ಅಕ್ಕ ಎದ್ದರು. ನನ್ನ ಕೈ ಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋದರು. ಹೊಸ ಹಡಗು ಕಟ್ಟಲು ಎಷ್ಟು ದಿನ ಬೇಕು, ಈ ಸಲ ಯಾವ ದಾರಿ ಹಿಡಿಯಬೇಕು ಎಂದು ಹೇಳುತ್ತಲೇ ಪುಂಡಿಪಲ್ಲೆಗೆ ಒಗ್ಗರಣೆ ಹಾಕಿದರು. ನಾನು ಬೆಳ್ಳುಳ್ಳಿ ಸುಲಿಯುತ್ತ ಅದನ್ನೆಲ್ಲ ಕೇಳಿಸಿಕೊಂಡೆ.